ಕೈಯಮ್ಮನ ಗವಸು

ಸಿನಿಮಾ ಸೆಟ್ಟಿನಲ್ಲಿ ಅವಳಿಗಿದ್ದ ಹೆಸರು ಕೈಯಮ್ಮ. "ಕೈ ಬಂತೇನ್ರಪ್ಪಾ? ಕೈಗೊಂದು ಟೀ ಕೊಡಿ," ಎಂದು ಯಾರಾದರೂ ಕೂಗಿದರೆ ಎಲ್ಲರ ಜೊತೆ ಅವಳೂ ನಗುತ್ತಿದ್ದಳು, ಮೊದಮೊದಲು.

ಸರ್ಕಾರದ ನಿದ್ದೆಗೆಡಿಸಿದ ಹಳೇ ಕಾಲದ ಪತ್ರಕರ್ತನೊಬ್ಬನ ಹೋರಾಟ, ಅವನ ಲೇಖನಗಳನ್ನು ಕದ್ದುಮುಚ್ಚಿ ಟೈಪು ಮಾಡಿಕೊಡುವ ಹುಡುಗಿಯ ಮೇಲೆ ಅವನ ಪ್ರೀತಿ: ಇದು ಆ ದೊಡ್ಡ ಸಿನಿಮಾದ ಕಥೆ. ನಾಯಕಿಗೆ ಟೈಪಿಂಗ್ ಬಾರದು. ಲೈಟ್‌ಮನ್‌ನ ಹೆಂಡತಿಯಾದ ಇವಳು ಮದುವೆಗೆ ಮುಂಚೆ ಟೈಪಿಸ್ಟ್ ಆಗಿದ್ದವಳು. ಹಾಗಾಗಿ ಮುಖ ನಾಯಕಿಯದು, ಹತ್ತಿರದಿಂದ ತೋರಿಸುವ ಕೈ ಇವಳದು. ಪತ್ರಕರ್ತನ ಕೆನ್ನೆ ಸವರುವುದೂ ಇವಳದೇ ಕೈ.

"ನೀನು ಸವರುವಾಗಲೇ ನಿನ್ನ ಗಂಡನ ದೀಪ ಅಲ್ಲಾಡೋದು ನೋಡು," ಎಂದು ಮೇಕಪ್ ಅಣ್ಣ ರೇಗಿಸುತ್ತಿದ್ದ.

ಒಪ್ಪಂದದ ಷರತ್ತು ಒಂದೇ. ಸಿನಿಮಾ ಮುಗಿಯುವ ತನಕ ಕೈ ಹೀಗೇ ಇರಬೇಕು. ಗೀರಬಾರದು, ಸುಡಬಾರದು, ಸೋಪಿನ ನೀರಿಗೆ ಬಿರಿಯಬಾರದು. ಎರಡೇ ತಿಂಗಳ ಮಾತು ಎಂದಿದ್ದರು. ಆಮೇಲೆ ಗಾಳಿಗೆ ಸೆಟ್ ಬಿತ್ತು. ನಾಯಕನಿಗೆ ಕಾಮಾಲೆ ಬಂತು. ನಿರ್ದೇಶಕರು ಅರ್ಧ ಕಥೆಯನ್ನೇ ಬದಲಿಸಿದರು. ತೆವಳುತ್ತಿದ್ದ ಮಗಳು ಗೋಡೆ ಹಿಡಿದು ನಿಂತಳು, ಸಿನಿಮಾ ಮಾತ್ರ ಇದ್ದಲ್ಲೇ ಇತ್ತು.

ಮನೆಯಲ್ಲಿ ಮೊಣಕೈ ತನಕ ರಬ್ಬರ್ ಗವಸು. ಮಗಳಿಗೆ ಅದನ್ನು ಕಂಡರಾಗದು. ಮುಟ್ಟಿದರೆ ಕಿಟಾರನೆ ಕಿರುಚಿ ಅಜ್ಜಿಯ ಕಡೆ ವಾಲುತ್ತಿದ್ದಳು.

"ನೀನು ಕೂತ್ಕೊಳಮ್ಮ ಮಹಾರಾಣಿ, ಬೆರಳು ಸವೆದೀತು," ಅನ್ನುತ್ತಿದ್ದರು ಅತ್ತೆ. "ಇದನ್ನ ಹೆತ್ತೋಳು ನೀನಾ ನಾನಾ ಅಂತ ನನಗೇ ಅನುಮಾನ."

"ಬಿಟ್ಟುಬಿಡ್ಲಾ ಅತ್ತೆ?"

"ಬಿಟ್ರೆ ನನ್ನ ಮಗನ್ನ ಅಲ್ಲಿ ಇಟ್ಕೋತಾರಾ?"

ಇಟ್ಟುಕೊಳ್ಳುವುದಿಲ್ಲ. ಇದುವರೆಗಿನ ಕೈಯ ದೃಶ್ಯಗಳನ್ನೆಲ್ಲ ಹೊಸದಾಗಿ ತೆಗೆಯಬೇಕಾದ ಸಿಟ್ಟನ್ನು ಗಂಡನ ಮೇಲಲ್ಲದೆ ಇನ್ಯಾರ ಮೇಲೆ ತೀರಿಸಿಕೊಂಡಾರು?

ಅವಳಿಗೆ ಬೇಕಿದ್ದದ್ದು ಇಷ್ಟೇ: ಬರಿಗೈಯಲ್ಲಿ ಮಗಳಿಗೆ ಸ್ನಾನ ಮಾಡಿಸುವುದು.

ಕೊನೆಗೆ ಒಂದೇ ದೃಶ್ಯ ಉಳಿಯಿತು. ಜೈಲಿನ ಸರಳುಗಳ ನಡುವೆ ಹುಡುಗಿ ಕೈ ತೂರಿಸಿ ಪತ್ರಕರ್ತನ ಬೆರಳು ಹಿಡಿಯಬೇಕು. ನಾಳೆ ಅದು ಮುಗಿದರೆ ಮುಗಿಯಿತು. ಆ ಖುಷಿ ತಡೆಯಲಾರದೆ ಅವಳು ಸಂಜೆಯೇ ಗವಸು ಕಳಚಿ, ಮಗಳನ್ನು ಬಾಚಿ ಎತ್ತಿಕೊಂಡಳು. ಹಲ್ಲು ಮೂಡಿ ಒಸಡು ನವೆಯಾಗುತ್ತಿತ್ತೋ ಏನೋ, ಮಗಳು ಅಮ್ಮನ ತೋರುಬೆರಳನ್ನು ಬಾಯಿಗಿಟ್ಟು ಕಚಕ್ಕನೆ ಕಚ್ಚಿದಳು. ರಕ್ತ ಜಿನುಗಿತು.

"ಅಯ್ಯೋ ಕೈಯಮ್ಮಾ, ನನ್ನ ಕುತ್ತಿಗೆಗೆ ತಂದಿಟ್ಯಲ್ಲಾ!" ಮರುದಿನ ಮೇಕಪ್ ಅಣ್ಣ ತಲೆ ಚಚ್ಚಿಕೊಂಡ. ಬಳಿದಷ್ಟೂ ಗಾಯ ಎದ್ದು ಕಾಣುತ್ತಿತ್ತು. ಅವಳು ನಿರ್ದೇಶಕರ ಮುಂದೆ ಕೈ ಚಾಚಿದಳು. ದೀಪದ ಹಿಂದಿನಿಂದ ಗಂಡ ಇಣುಕುತ್ತಿದ್ದ.

ನಿರ್ದೇಶಕರು ಬಗ್ಗಿ ನೋಡಿದರು. ಮುಖ ಅರಳಿತು.

"ಎಂಥಾ ಗಾಯ! ಕಥೇಲಿ ಪೊಲೀಸ್ ದಾಳಿಯ ದಿನ ಹುಡುಗಿಗೆ ಆಗಿದ್ದು ಇದು. ಒರೆಸ್ರೀ ಆ ಬಣ್ಣಾನ. ದಾಳಿ ಆದಮೇಲಿನ ಕೈ ಎಲ್ಲಾ ಮತ್ತೆ ತೆಗೆಯೋಣ."

"ಸರ್, ಇದು ವಾಸಿ ಆಗ್ಬಿಡುತ್ತಲ್ಲಾ?"

"ಆಗ್ಬಾರದು ಕಣಮ್ಮ. ಜೋಪಾನ."

ಮನೆಗೆ ಬಂದಾಗ ಅತ್ತೆ ಬಚ್ಚಲಲ್ಲಿ ಮಗುವಿಗೆ ನೀರು ಹಾಕುತ್ತಿದ್ದರು.

"ಮುಗೀತಾ?"

"ಇನ್ನೂ ಸ್ವಲ್ಪ ಇದೆ ಅತ್ತೆ," ಎನ್ನುತ್ತ ಅವಳು ಬಾಗಿಲಲ್ಲೇ ನಿಂತು ಗವಸು ಏರಿಸಿಕೊಂಡಳು, ಕಚ್ಚಿದ ಬೆರಳಿಗೆ ಒತ್ತದ ಹಾಗೆ, ಮೆಲ್ಲಗೆ. ಮಗಳು ಅದನ್ನು ಕಂಡದ್ದೇ ಒದ್ದೆ ಮೈಯಲ್ಲೇ ಅಜ್ಜಿಯ ಕೊರಳಿಗೆ ಜೋತುಬಿದ್ದಳು.