ಕಪ್ಪು ಬಿಯರಿಗೆ ಹದಿಮೂರಾಣೆ

ನನ್ನ ಮಗಳ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಅವಳ ಹಿಂದೆ ನನ್ನ ತಮ್ಮನನ್ನು ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ.

ನಮ್ಮ ಕಡೆ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಕ್ಷತೆ ಬೀಳುವತನಕ ಅವಳ ಬೆನ್ನಿಗೆ ನಿಲ್ಲುವವನೂ ಅವನೇ. ಆದರೆ ಬೀಗರು ಕೊರಳಲ್ಲಿ ತುಳಸಿಮಾಲೆ ಹಾಕಿಕೊಂಡವರು, ದಾರೂ ಮುಟ್ಟದವರು. ಹಿಂದಿನ ದಿನ ಬೀಗಿತ್ತಿ ನನ್ನನ್ನು ಬದಿಗೆ ಕರೆದು, "ನಿಮ್ಮ ತಮ್ಮ ದಾರೂ ಮಾಡ್ತಾನಂತಲ್ರಿ. ಅಂಥಾ ಕೈ ಹಿಡದು ಸೊಸಿ ಬರೂದು ಬ್ಯಾಡ್ರಿ" ಅಂದರು. ನಾನು "ಹೂಂ" ಅಂದೆ. ತಮ್ಮನಿಗೆ ಮುಂಚೆ ತಿಳಿಸುವ ಧೈರ್ಯವೂ ಆಗಲಿಲ್ಲ. ಮಗಳನ್ನು ಕರೆತರುವ ಹೊತ್ತಿಗೆ ದೊಡ್ಡಪ್ಪನ ಮಗನನ್ನು ಕೂಗಿಬಿಟ್ಟೆ. ತಲೆಗೆ ಹೊಸ ಪಟಕಾ ಸುತ್ತಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ ತಮ್ಮ ನನ್ನ ಮುಖ ನೋಡಿದ. ಆಮೇಲೆ ಪಟಕಾ ಬಿಚ್ಚಿ ಮಡಚಿಟ್ಟು, ಊಟದ ಪಂಕ್ತಿಯಲ್ಲಿ ಹುಗ್ಗಿ ಬಡಿಸಲು ಹೋದ. ಕೊನೆಯ ಪಂಕ್ತಿ ಏಳುವವರೆಗೂ ಬಡಿಸಿದ.

ಬಸ್ಸು ತಪ್ಪಿದ ದಿನಗಳಲ್ಲಿ ಅದೇ ಮಗಳನ್ನು ಐನಾಪುರದಿಂದ ಉಗಾರ ಖುರ್ದದ ಶಾಲೆಗೆ ಸೈಕಲ್ ಮೇಲೆ ಬಿಟ್ಟು ಬರುತ್ತಿದ್ದವನು ಅವನು. ಆಗ ನಮ್ಮ ಮನೆಯಲ್ಲೇ ಇದ್ದು, ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಆಮೇಲೆ ಪುಣೆಗೆ ಹೋದ. ಬಿಯರ್ ತಯಾರಿಸುವ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದವನು ಈಗ ಅಲ್ಲಿ ಬಿಯರ್ ಕುದಿಸುತ್ತಾನೆ.

ಮದುವೆಯಾದ ಮೇಲಿನ ದೀಪಾವಳಿಗೆ ಅವನು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬೆಳಗುವ ಭಾವುಬೀಜದ ಆರತಿಗೆ ಎಂದಿನಂತೆ ಮಣೆಯ ಮೇಲೆ ಕೂತು ಹಣೆ ಮುಂದೆ ಮಾಡಿದ. ಕುಂಕುಮ ಹಚ್ಚಿ ಆರತಿ ಬೆಳಗಿದೆ. ಮದುವೆಯ ದಿನದ ಮಾತು ಮಾತ್ರ ಎತ್ತಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅವನು ಚೀಲದಿಂದ ಟವೆಲ್ ಸುತ್ತಿದ್ದ ಕಪ್ಪು ಬಾಟಲಿಯೊಂದನ್ನು ತೆಗೆದ.

"ಅಕ್ಕಾ, ನೀ ಇದರ ರುಚಿ ನೋಡಬೇಕ."

"ಹುಚ್ಚ ಹಿಡದೈತೇನಲೇ? ಅತ್ತಿ ಒಳಗ ಮಲಗ್ಯಾರ!"

"ಮಲಗ್ಯಾರಂತನ ತಗದೀನಿ."

ಬೆಲ್ಜಿಯಂ ಅನ್ನುವ ದೇಶದಲ್ಲಿ ಮಠದೊಳಗಿನ ಸನ್ಯಾಸಿಗಳು ಹಿಂದಿನಿಂದ ಮಾಡಿಕೊಂಡು ಬಂದ ಬಗೆ ಇದು ಎಂದ. "ಸ್ವಾಮಿಗೋಳು ತಮ್ಮ ಕೈಯಾರೆ ಮಾಡ್ತಾರ" ಅಂದಾಗ ನಾನು ತಲೆ ತಗ್ಗಿಸಿದೆ. ಅವನಿಗೆ ಬೀಗಿತ್ತಿಯ ಮಾತು ಗೊತ್ತಿರಲಿಲ್ಲ. ಅಲ್ಲಿಯವರು ಕಪ್ಪಾಗುವಂತೆ ಕಾಸಿದ ಸಕ್ಕರೆ ಹಾಕುತ್ತಾರಂತೆ. ಇವನು ಅದರ ಬದಲು ನಮ್ಮ ತವರು ಅಲಖನೂರಿನ ಬೆಲ್ಲವನ್ನು ಕಾಸಿ ಹಾಕಿದ್ದ.

ಅದಕ್ಕೇ ನಾನು ಬೇಕಾಗಿದ್ದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಬೆಲ್ಲ ಮಾಡುವ ಅಪ್ಪನ ಕಬ್ಬಿನ ಗಾಣದಲ್ಲಿ ನಿಂತವಳು ನಾನು. ಕೊಪ್ಪರಿಗೆ ಇಳಿಸಿದಾಗಲೆಲ್ಲ ಅಪ್ಪ ನನ್ನ ಅಂಗೈಗೆ ಬಿಸಿ ಬೆಲ್ಲ ಇಟ್ಟು, "ಎಷ್ಟಾಣೆ ಬಂದೈತಿ?" ಎಂದು ಕೇಳುತ್ತಿದ್ದ. ಹದಿನಾರಾಣೆ ಅಂದರೆ ಕೊರತೆಯೇ ಇಲ್ಲದ ಬೆಲ್ಲ. ನಾನು ಹಾಗೆ ಹೇಳಿದ್ದು ಕಡಿಮೆ.

ಬೆಲ್ಲದ ಮಾತು ಬಂದ ಮೇಲೆ ಒಪ್ಪಿದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿಡಲು ಹೋದರೆ ತಮ್ಮ ತಡೆದ. "ಭಾಳ ಥಂಡ ಆದ್ರ ರುಚಿ ಮಲಗಿಬಿಡ್ತೈತಿ." ಅಗಲ ಬಾಯಿಯ ಗಾಜಿನ ಲೋಟವನ್ನೂ ತಂದಿದ್ದ. ಸುರಿದಾಗ ಹಾಲಿನ ಕೆನೆಯ ಬಣ್ಣದ ನೊರೆ ದಪ್ಪಗೆ ಎದ್ದಿತು. ನಾನು ಚಮಚ ತಂದು ಆ ನೊರೆಯನ್ನೆಲ್ಲ ತೆಗೆದು ಬಚ್ಚಲಿಗೆ ಚೆಲ್ಲಿದೆ. ಗಾಣದಲ್ಲಿ ಮೇಲೆದ್ದ ನೊರೆಯೆಂದರೆ ಕಬ್ಬಿನ ಹೊಲಸು, ತೆಗೆಯದಿದ್ದರೆ ಬೆಲ್ಲ ಕೆಡುತ್ತದೆ.

"ಅಯ್ಯಯ್ಯ! ಏನ ಮಾಡಿದೆಬೇ? ಅರ್ಧಾ ವಾಸನಿ ಅದರಾಗನ ಇತ್ತ!"

"ನನಗೇನ ಗೊತ್ತೋ! ಹೊಲಸ ಅಂತ ತಗದೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆಯಾದ ಮೇಲೆ ನನ್ನೆದುರು ಹಾಗೆ ನಕ್ಕಿದ್ದು ಅದೇ ಮೊದಲು. ಮತ್ತೆ ಸುರಿದ. ಒಳಗಿನಿಂದ ಅತ್ತೆಯ ದನಿ ಬಂತು: "ಏನವಾ, ಬೆಲ್ಲಾ ಕಾಸಾಕತ್ತೀಯೇನ?"

"ಹೂಂ ಅತ್ತಿ, ಮಲಕ್ಕೋರಿ!"

ಮೂಗಿನ ಹತ್ತಿರ ತಂದಾಗ ಮೊದಲು ಒಣದ್ರಾಕ್ಷಿಯ ವಾಸನೆ ಬಂತು. ಶೆಡ್ಡಿನಿಂದ ಬಂದಾಗ ತಮ್ಮನ ಅಂಗಿಯಿಂದ ಬರುತ್ತಿತ್ತಲ್ಲ, ಅದೇ. ಅದರ ಹಿಂದೆ ಲವಂಗ.

"ಲವಂಗ ಹಾಕೀಯೇನ?"

"ಇಲ್ಲಕ್ಕಾ, ಅದು ಹುದುಗಿನ ವಾಸನಿ."

ಒಂದು ಗುಟುಕು ಕುಡಿದೆ. ಕಷಾಯದಂತೆ ಇರುತ್ತದೆ ಅಂದುಕೊಂಡಿದ್ದೆ, ಹಾಗಿರಲಿಲ್ಲ. ನಾಲಿಗೆಯ ತುದಿಗೆ ಸಿಹಿ, ನಡುವೆ ಸುಟ್ಟ ರೊಟ್ಟಿಯ ಅಂಚು, ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗೆ. ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಚಿದೆ. ಎಲ್ಲ ಮುಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಹಟ ಹಿಡಿದು ಕೂತಿತ್ತು.

"ಎಷ್ಟಾಣೆ?" ತಮ್ಮ ಅಪ್ಪನ ಹಾಗೆಯೇ ಕೇಳಿದ.

"ಹದಿಮೂರ. ಬೆಲ್ಲಾ ಕಾಸುವಾಗ ತಳ ಹಿಡದೈತಿ ನೋಡು."

ಅವನು ತಲೆಯಾಡಿಸಿದ. "ಹಿಡದಿತ್ತಕ್ಕಾ. ನನಗೂ ಸಂಶೆ ಇತ್ತ, ಯಾರನ್ನ ಕೇಳಲಿ ಅಂತ ಇಲ್ಲೀತನಾ ತಂದೆ. ನಿಮ್ಮ ಅತ್ತಿ ಮುಂದ ಬೇಕಾದ್ದ ಹೇಳ್ತಿ ನೀ, ನನಗ ಮಾತ್ರ ಎಂದೂ ಸುಳ್ಳ ಹೇಳಿಲ್ಲ."

ಇಷ್ಟಾದರೂ ಅವನು ನನ್ನ ಮಾತನ್ನೇ ನಂಬಿದ್ದ. ಪುಣೆಯಿಂದ ಬಾಟಲಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಇಂಥ ತಮ್ಮ ನನಗೆ ಸಿಕ್ಕಿದ್ದು ಯಾವ ಪುಣ್ಯಕ್ಕೋ ಅನ್ನಿಸಿತು. ಈಗಲೂ ಬಾಯಿ ಮುಚ್ಚಿಕೊಂಡರೆ ಅವನು ವರ್ಷವರ್ಷವೂ ಬಂದು ಆರತಿಗೆ ಕೂತು ಹೋಗುತ್ತಾನೆ, ತಾನೇನು ತಪ್ಪು ಮಾಡಿದೆ ಎಂದು ಒಳಗೊಳಗೇ ಹುಡುಕುತ್ತಾನೆ. ಲೋಟ ಕೆಳಗಿಟ್ಟು ಅವನ ಎರಡೂ ಕೈ ಹಿಡಿದುಕೊಂಡೆ.

"ತಮ್ಮಾ, ಮದುವ್ಯಾಗ ನಿನ್ನ ಕೈ ಬ್ಯಾಡ ಅಂದ್ರು ಬೀಗಿತ್ತಿ. ನಾ ಹೂಂ ಅಂದೆ. ಇಲ್ರಿ, ಇವನ ನನ್ನ ಮಗಳ ಮಾಮಾ, ಇವನ ನಿಲ್ಲತಾನ ಅಂತ ನಾ ಹೇಳಬೇಕಾಗಿತ್ತ. ಹೇಳಲಿಲ್ಲ. ನಿಂದೇನೂ ತಪ್ಪಿಲ್ಲಪಾ, ತಪ್ಪೆಲ್ಲಾ ನಂದ. ನನಗ ಕ್ಷಮಾ ಮಾಡು."