ಎರಡು ರೈಲ್ವೆಗಳ ನಡುವೆ ಉಳಿದ ಕಾಕಾ

ಕಾಕಾ ಡಾಂಬರು ರಸ್ತೆಯ ಮೇಲೂ ಹಳಿಯ ಮೇಲೆ ನಡೆದಂತೆಯೇ ನಡೆಯುತ್ತಿದ್ದರು. ಹಳಿಯಡಿಯ ಸ್ಲೀಪರ್ ಪಟ್ಟಿಯಿಂದ ಪಟ್ಟಿಗೆ ಇಟ್ಟಂಥ ಒಂದೇ ಅಳತೆಯ ಗಿಡ್ಡ ಹೆಜ್ಜೆ, ಕಣ್ಣು ನೆಲದ ಮೇಲೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾರವಾರದ ಕಡೆ ರೈಲು ಹಳಿ ಕಾಯುವ ಕೆಲಸ ಮಾಡಿದವರು. ದಾಂಡೇಲಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಮಕ್ಕಳಿರಲಿಲ್ಲ. ವಾರಕ್ಕೊಮ್ಮೆ ಜೋಯಿಡಾ ಮೇಲಿಂದ ಬರುವ ಬಸ್ಸು ಹಿಡಿದು ಘಟ್ಟ ಹತ್ತಿ ಬರುವರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಬ್ಬಲಿಗೆ ಮಾಲೆಯೊಂದು ಚೀಲದಲ್ಲಿ ಇದ್ದೇ ಇರುತ್ತಿತ್ತು. ಅವರ ಹೆಂಡತಿ ಕಾಕು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಮೇಲೆ ತಾವೇ ಅದನ್ನು ಆಕೆಯ ತಲೆಗೆ ಮುಡಿಸುತ್ತಿದ್ದರು.

ಆಮೇಲೆ ಅವರಿಗೆ ಬೇಕಿದ್ದದ್ದು ಒಂದೇ, ಅಳ್ನಾವರ–ದಾಂಡೇಲಿ ಮಾರ್ಗಕ್ಕೆ ವರ್ಗ. ಆದರೆ ಕರಾವಳಿಯ ರೈಲು ಬೇರೆಯದೇ ಒಂದು ನಿಗಮದ್ದು, ನಮ್ಮೂರಿನದು ಇಡೀ ದೇಶದ ರೈಲ್ವೆಯದು. ಒಂದರಿಂದ ಇನ್ನೊಂದಕ್ಕೆ ವರ್ಗ ಮಾಡಲು ಬರುವುದಿಲ್ಲವೆಂದು ಪ್ರತಿ ಸಲ ಉತ್ತರ ಬರುತ್ತಿತ್ತು.

ಬಸ್ ನಿಲ್ದಾಣದ ಬಳಿ ನನ್ನದೊಂದು ಟೈಪಿಂಗ್ ಅಂಗಡಿ. ಅವರ ಅರ್ಜಿ ಬರೆಯುತ್ತಿದ್ದವಳು ನಾನೇ. ಒಮ್ಮೆ ಅಧಿಕಾರಿಯ ಮನಸ್ಸು ಕರಗಲಿ ಎಂದು, ‘ಹೆಂಡತಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ’ ಎಂದು ಸೇರಿಸಿದೆ. ಕಾಕಾ ಓದಿ ಹಾಳೆಯನ್ನು ನನ್ನ ಮುಂದಿಟ್ಟರು.

“ಈ ಸಾಲು ತಗಿಯವಾ. ನಿಮ್ಮವ್ವ ದಿನಾ ಆಕೀಗೆ ಗಂಜಿ ಕುಡಿಸ್ತಾಳ. ಯಾರೂ ಇಲ್ಲ ಅಂತ ಬರದ್ರ ನಿಮ್ಮವ್ವ ಯಾರಾದ್ಳು?”

ತೆಗೆದೆ.

ನಿಗಮವನ್ನು ದೇಶದ ರೈಲ್ವೆಯೊಳಗೆ ಸೇರಿಸುವ ಮಾತು ಪತ್ರಿಕೆಗಳಲ್ಲಿ ಬರತೊಡಗಿತು. ಅದಕ್ಕೆ ನಿಗಮದ ಪಾಲುದಾರ ರಾಜ್ಯಗಳೆಲ್ಲ ಒಪ್ಪಬೇಕಿತ್ತು. ಹಾಗಾದರೆ ವರ್ಗ ಸಿಗಬಹುದೆಂದು ಕಾಕಾ ಮತ್ತೊಂದು ಅರ್ಜಿ ಹಾಕಿ ಕಾಯುತ್ತಿದ್ದರು. ಒಂದೊಂದು ರಾಜ್ಯ ಒಪ್ಪಿದಾಗಲೂ ಕಾಕಾ ಆ ಸುದ್ದಿಯನ್ನು ಕಾಕುವಿನ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ಕಾಕು ತೊದಲುತ್ತ ಕೇಳಿದಳು, “ರೈಲ ಕೂಡತಾವ. ನಾವು ಕೂಡೂದು ಯಾವಾಗ್ರಿ?” ಕಾಕಾ ಪತ್ರಿಕೆ ಮಡಚಿ, ಆಕೆಯ ಕಾಲ ಮೇಲಿನ ಕೌದಿ ಸರಿಮಾಡಿದರು.

ಕಡೆಯ ರಾಜ್ಯವೂ ಒಪ್ಪಿದ ಸುದ್ದಿ ಬಂದಾಗ ಕಾಕು ತೀರಿ ಹತ್ತು ದಿನವಾಗಿತ್ತು. ಪತ್ರಿಕೆಯನ್ನು ಅವರಿಗೆ ಕಾಣದಂತೆ ಎತ್ತಿಟ್ಟಿದ್ದೆ. ಅವರು ಆಗಲೇ ಓದಿಕೊಂಡು ಅಂಗಡಿಗೆ ಬಂದರು.

“ಇನ್ನೊಂದು ಅರ್ಜಿ ಬರೀಬೇಕವಾ.”

“ಈಗ ವರ್ಗ ಸಿಗತೈತೇನ್ರಿ ಕಾಕಾ?”

“ವರ್ಗಕ್ಕಲ್ಲ. ಹಿಂದಿನ ಅರ್ಜಿ ವಾಪಸ್ ತಗೊಂಡೇನಿ ಅಂತ ಬರಿ. ನನ್ನ ಹಿಂದ ಸಾಲಿನಾಗ ಇನ್ನೊಬ್ಬಾವ ನಿಂತಿರ್ತಾನ. ಅವನ ಮನ್ಯಾಗೂ ಯಾರರ ಮಲಗಿರಬಹುದು. ಅವಗರ ಸಿಗಲಿ.”

ಅವರು ಹೇಳಿದಂತೆಯೇ ಟೈಪು ಮಾಡಿದೆ. ಅವರು ತಾಳ್ಮೆಯಿಂದ ಕಾದು, ಸಹಿ ಹಾಕಿ, ಅಂಚೆಗೆ ಹಾಕಿ ಹೋದರು.

ಮುಂದಿನ ಮಳೆಗಾಲದಲ್ಲಿ, ಕಾರವಾರದ ಕೋಣೆಯಲ್ಲಿ ಎದೆನೋವು ಬಂತು. ಜತೆಯವರು ಆಸ್ಪತ್ರೆಗೆ ಒಯ್ಯುವ ಮೊದಲೇ ಕಾಕಾ ಹೋದರು. ಎರಡು ರೈಲ್ವೆಗಳು ಆಗಲೂ ಒಂದಾಗಿರಲಿಲ್ಲ; ಕಡತ ನಡೆದಿದೆ ಎನ್ನುತ್ತಿದ್ದರು.

ತಿಂಗಳ ಮೇಲೆ ಅವರ ಹೆಸರಿಗೊಂದು ಪತ್ರ ಬಂತು. ಮನೆಗೆ ಬೀಗವಿತ್ತೆಂದು ಅಂಚೆಯವರು ಅದನ್ನು ನಮ್ಮಲ್ಲಿ ಕೊಟ್ಟರು. ಒಡೆದು ಅವ್ವನಿಗೆ ಓದಿ ಹೇಳಿದೆ: ‘ತಮ್ಮ ಕೋರಿಕೆಯಂತೆ ವರ್ಗಾವಣೆಯ ಅರ್ಜಿಯನ್ನು ಕೈಬಿಡಲಾಗಿದೆ.’ ಅಷ್ಟು ವರ್ಷ ನಾನು ಬರೆದುಕೊಟ್ಟ ಅವರ ಕೋರಿಕೆಗಳಲ್ಲಿ ಮಂಜೂರಾದದ್ದು ಅದೊಂದೇ.