ಕರೆಂಟು ವಾಪಸ್ ಬರುವ ದಾರಿ

ಗಾಡಿ ರಿಪೇರಿಯ ಯಜಮಾನರ ಬಲಗೈಯ ಹಿಂಭಾಗದಲ್ಲಿ, ಬೆರಳ ಗೆಣ್ಣುಗಳ ಹಿಂದೆ, ಹುಣಸೆ ಬೀಜದಷ್ಟು ದೊಡ್ಡ ಮೂರು ಸುಟ್ಟ ಕಲೆಗಳಿದ್ದವು. ಬಲಗೈ ಎಂದು ಬರೆದು ಪೆನ್ನು ನಿಲ್ಲಿಸಿದೆ. ಅಣ್ಣ ಎಡಗೈ ಎನ್ನುತ್ತಾನೆ. ಕಲೆ ಎರಡೇ ಇದ್ದವು ಎಂದೂ ಹೇಳುತ್ತಾನೆ. ವಾರಕ್ಕೊಮ್ಮೆಯಾದರೂ ನೋಡುತ್ತಿದ್ದ ಕೈಯ ವಿಷಯದಲ್ಲೇ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಹಾಗಿರುವಾಗ ಅವರು ತೀರಿಕೊಂಡ ಬೆಳಿಗ್ಗೆ ನನಗೊಂದು ಮಾತು ಹೇಳಿದರು ಎಂಬ ನನ್ನ ನೆನಪಿಗೆ ಎಷ್ಟು ಬೆಲೆ? ಅಣ್ಣನ ಪ್ರಕಾರ ಅವರು ಕೊನೆಗೆ ಕೇಳಿದ್ದು ನೀರಷ್ಟೆ. ನಾನು ಭೌತಶಾಸ್ತ್ರ ಓದಿದವನು, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದು ಎಂದು ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಆ ಒಬ್ಬ ಸಾಕ್ಷಿ ನಾನೇ.

ಹುಣಸೂರಿನಲ್ಲಿ ಬೈಪಾಸಿಗೆ ಸೇರುವ ರಸ್ತೆಯ ಪಕ್ಕ ಅವರದೊಂದು ತಗಡಿನ ಶೆಡ್ಡು. ಸೆಲ್ಫ್, ಡೈನಮೋ, ವೈರಿಂಗ್ ರಿಪೇರಿ. ಊರವರೆಲ್ಲ ಅವರನ್ನು ಯಜಮಾನ್ರು ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಮೂಲ ಮಿರ್ಲೆ ಕಡೆಯವರು. ನಾಲೆ ನೀರು ಕಂಡ ಊರು ಬಿಟ್ಟು ಈ ಹೊಗೆಸೊಪ್ಪಿನ ಸೀಮೆಗೆ ಯಾಕೆ ಬಂದಿರಿ ಎಂದು ಕೇಳಿದರೆ, "ಅಲ್ಲಿ ಎತ್ತಿನ ಗಾಡಿ ಜಾಸ್ತಿ ಇದ್ವು, ಎತ್ತಿಗೆ ವೈರಿಂಗ್ ಇಲ್ವಲ್ಲ ಮೇಷ್ಟ್ರೇ" ಎನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಟೀಗೆ ಸಕ್ಕರೆ ಬೇಡ ಎಂದು ಎದುರಿನ ಹೋಟೆಲಿನವನಿಗೆ ಜೋರಾಗಿ ಕೂಗಿ ಹೇಳುವರು. ಆಮೇಲೆ ಜೇಬಿನಿಂದ ಬೆಲ್ಲದ ಚೂರು ತೆಗೆದು ಕಚ್ಚಿಕೊಂಡು ಕುಡಿಯುವರು. ನಾನು ಆಕ್ಷೇಪಿಸಿದರೆ, "ಇದು ಬೆಲ್ಲ ಕಣ್ರೀ. ಡಾಕ್ಟ್ರು ಬೆಲ್ಲದ್ ಇಸ್ಯ ಏನೂ ಯೋಳಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಆ ಕಾಯಿಲೆಯಿಂದಲೇ ಅವರ ಬೆರಳ ತುದಿಗಳು ಮರಗಟ್ಟಿದ್ದವು. ಬಿಸಿ ತಿಳಿಯುತ್ತಿರಲಿಲ್ಲ. ಅವರ ಕೆಲಸದ ಕ್ರಮಕ್ಕೆ ಬಿಸಿ ತಿಳಿಯಲೇಬೇಕಿತ್ತು. ಎಂಜಿನ್ ಶುರುಮಾಡುವ ಸೆಲ್ಫ್ ಮೋಟಾರನ್ನು ಒಂದೆರಡು ಸಲ ಹೊಡೆಸಿ, ಬ್ಯಾಟರಿಯಿಂದ ಸೆಲ್ಫ್‌ವರೆಗಿನ ಒಂದೊಂದು ಜಾಯಿಂಟಿನ ಮೇಲೂ ಕೈಯಿಟ್ಟು ನೋಡುವರು. ಸರಿಯಾಗಿ ಕೂತ ಜಾಯಿಂಟು ತಣ್ಣಗಿರುತ್ತದೆ. ಸಡಿಲವಾದದ್ದು, ತುಕ್ಕು ಹಿಡಿದದ್ದು ಕರೆಂಟನ್ನು ತಡೆದು ಬಿಸಿಯಾಗುತ್ತದೆ. ತಣ್ಣಗಿದ್ದರೆ "ತಣ್ಣಗವ್ನೆ, ಒಳ್ಳೇವ್ನು" ಎನ್ನುವರು. ಬಿಸಿಯಾಗಿದ್ದರೆ "ಇಲ್ಲವ್ನೆ ನೋಡಿ ಕಳ್ಳ" ಎಂದು ಸ್ಪ್ಯಾನರ್ ಹಾಕುವರು. ಬೆರಳು ಕೈಕೊಟ್ಟ ಮೇಲೆ ಅವರು ಅಂಗೈ ಮಗುಚಿ, ಕೈಯ ಹಿಂಭಾಗ ಇಟ್ಟು ನೋಡತೊಡಗಿದರು. ಕಲೆಗಳು ಬಂದದ್ದು ಹಾಗೆ. ನಾನು ವೋಲ್ಟು ಅಳೆಯುವ ಒಂದು ಒಳ್ಳೆಯ ಮೀಟರ್ ತಂದುಕೊಟ್ಟೆ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟರು.

ನಮಗೆ ಅವರು ಹತ್ತಿರವಾದದ್ದು ಜೀಪಿನಿಂದ. ಜೀಪು ಅಣ್ಣನ ಹುಚ್ಚು. ಸೈನ್ಯದವರು ಹರಾಜು ಹಾಕಿದ ಹಳೆಯ ಗಾಡಿ, ಯಾರೋ ಡೀಸೆಲ್ ಎಂಜಿನ್ ಕೂರಿಸಿದ್ದರು. ನಮ್ಮ ತೋಟದ ಮನೆ ವೀರನಹೊಸಹಳ್ಳಿಯ ಆಚೆ, ಕಾಡಂಚಿನಲ್ಲಿ. ಕೆರೆ ಏರಿಯಿಂದ ಮನೆಯವರೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮಳೆ ಬಿದ್ದರೆ ಬೈಕೇ ಹೂತುಕೊಳ್ಳುತ್ತದೆ, ಕಾರಿನ ಮಾತೇ ಬೇಡ. ನಾಲ್ಕು ಚಕ್ರವೂ ಎಳೆಯುವ ಜೀಪೊಂದೇ ಆ ಕೆಸರಿನಲ್ಲಿ ಹೋಗಿ ಬರುತ್ತಿತ್ತು. ಅದು ಇಪ್ಪತ್ತನಾಲ್ಕು ವೋಲ್ಟಿನ ಗಾಡಿ. ಎರಡು ಬ್ಯಾಟರಿ ಜೋಡಿಸಿದರೆ ಮಾತ್ರ ಸೆಲ್ಫ್ ತಿರುಗುವುದು. ಒಂದು ಬ್ಯಾಟರಿಗೆ ವಯಸ್ಸಾದರೆ ಇನ್ನೊಂದನ್ನೂ ಅದು ಕೆಡಿಸುತ್ತಿತ್ತು. ಕೊನೆಗೆ ಸೆಲ್ಫೇ ಸುಟ್ಟುಹೋಯಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಎಲ್ಲ ಸುತ್ತಿದರೂ ಅದಕ್ಕೆ ಹೊಂದುವ ಇನ್ನೊಂದು ಸಿಗಲಿಲ್ಲ.

"ಅನ್ನೆರಡು ಓಲ್ಟಿಗೆ ಇಳ್ಸ್‌ಬುಡೋಣ ಬುಡಿ ಗೌಡ್ರೆ" ಎಂದರು ಯಜಮಾನರು ಅಣ್ಣನಿಗೆ. "ಒಂದೇ ಬ್ಯಾಟ್ರಿ. ಕೆಟ್ರೆ ಯಾವ್ ಅಂಗ್ಡೀಲಾದ್ರೂ ಸಾಮಾನು ಸಿಗ್ತದೆ."

ಮೂರು ದಿನ ನಮ್ಮ ತೋಟದ ಮನೆಯಲ್ಲೇ ಉಳಿದು ಕೆಲಸ ಮಾಡಿದರು. ಸೆಲ್ಫ್ ಬದಲಾಯಿತು, ಆಲ್ಟರ್ನೇಟರ್ ಬದಲಾಯಿತು, ಹೀಟರ್ ಪ್ಲಗ್ಗು, ಹಾರ್ನು, ಬಲ್ಬು, ಎಲ್ಲ ಹೊಸವು. ಎರಡನೆಯ ದಿನ ಅವರು ದಪ್ಪ ಕೇಬಲಿನ ಸುರುಳಿ ಬಿಚ್ಚಿದಾಗ ನಾನು ತಡೆದೆ. ವೋಲ್ಟು ಅರ್ಧಕ್ಕೆ ಇಳಿಯಿತಲ್ಲ, ಹಳೆಯ ಕೇಬಲ್ಲೇ ಧಾರಾಳವಾಯಿತು ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಷ್ಟ್ರೇ, ನೀವು ಮೈಸೂರಲ್ಲಿ ಓದಿದ್ದು ಇದ್ನೇಯಾ?"

"ಯಾಕೆ?"

"ಟ್ಯಾಂಕು ಮೇಲಿದ್ರೆ ಸಣ್ಣ ಪೈಪಲ್ಲೂ ನೀರು ನುಗ್ತದೆ. ನಮ್ಮೂರ್ ನಾಲೆ ನೀರು ತಗ್ಗಲ್ಲಿ ನಿಧಾನಕ್ಕೆ ಬತ್ತದೆ. ಗದ್ದೆ ತುಂಬ್‌ಬೇಕು ಅಂದ್ರೆ ಕಾಲ್ವೆ ಅಗ್ಲ ತೆಗೀಬೇಕು. ಓಲ್ಟು ಇಳೀತು, ಎಂಜಿನ್ ಇಳೀತಾ? ಅದು ಅಷ್ಟೇ ಭಾರ ಅದೆ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಲೇ, ನಿಮ್ ಕಾಲೇಜಿಗೆ ಇವ್ರನ್ನೇ ಕಳುಸ್ಲಾ ನಾಳೆಯಿಂದ?"

ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಸೂತ್ರವೇ ಅದು. ಶಕ್ತಿ ಅಷ್ಟೇ ಬೇಕಿದ್ದು ವೋಲ್ಟೇಜು ಅರ್ಧವಾದರೆ ಕರೆಂಟು ಎರಡರಷ್ಟಾಗಬೇಕು. ಈ ಪ್ರಸಂಗವನ್ನು ಸಹೋದ್ಯೋಗಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿಸಲ ಹೇಳುವಾಗಲೂ ಆ ಕಥೆಯಲ್ಲಿ ನಾನು ಇನ್ನೂ ಸ್ವಲ್ಪ ಬೇಗ ತಪ್ಪೊಪ್ಪಿಕೊಳ್ಳುತ್ತೇನೆ. ನಿಜಕ್ಕೂ ನಾನು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದೆ ಎಂದು ಅತ್ತಿಗೆ ಹೇಳುತ್ತಾರೆ.

ಮೂರನೆಯ ದಿನದ ಅರ್ಧವನ್ನು ಅವರು ಒಂದೇ ಬೋಲ್ಟಿಗೆ ಕೊಟ್ಟರು. ಬ್ಯಾಟರಿಯ ನೆಗೆಟಿವ್ ಕೇಬಲನ್ನು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿಯುವ ಅರ್ತಿಂಗ್ ಬೋಲ್ಟು. ಸೆಲ್ಫ್ ತಿರುಗಿಸಿದ ಕರೆಂಟು ಆ ಚೌಕಟ್ಟಿನ ಮೂಲಕವೇ ಬ್ಯಾಟರಿಗೆ ಮರಳಬೇಕು. ಮೊದಲು ಅರದಲ್ಲಿ, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ, ಹಳೆಯ ಬಣ್ಣವೆಲ್ಲ ಹೋಗಿ ಒಂದು ರೂಪಾಯಿಯಗಲ ಬರೀ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಬಿಡಲಿಲ್ಲ. ಕೇಬಲ್ ತುದಿಯ, ಉಂಗುರದಂಥ ತಾಮ್ರದ ಲಗ್ಗನ್ನು ಅದರ ಮೇಲೆ ಬಿಗಿದು ಸುತ್ತ ಗ್ರೀಸ್ ಮೆತ್ತಿದರು.

"ಓಗೋ ದಾರಿ ಎಲ್ರೂ ನೋಡ್ತಾರೆ ಮೇಷ್ಟ್ರೇ. ಕರೆಂಟು ವಾಪಸ್ ಬರೋ ದಾರಿ ಯಾರೂ ನೋಡಕಿಲ್ಲ. ಇಪ್ಪತ್ನಾಕು ಓಲ್ಟಾದ್ರೆ ಸ್ವಲ್ಪ ಅಡ್ಡ ಇದ್ರೂ ನುಗ್ಗಿ ಬತ್ತದೆ. ಅನ್ನೆರಡು ಬಡ್ವ. ಬಾಗ್ಲು ತೆಗ್ದಿರ್‌ಬೇಕು ಅವ್ನಿಗೆ."

ಅಣ್ಣ ಕೀ ತಿರುಗಿಸಿದ. ಎರಡೇ ಸುತ್ತಿಗೆ ಎಂಜಿನ್ ಹಿಡಿಯಿತು. ಯಜಮಾನರು ಬಗ್ಗಿ ಆ ಬೋಲ್ಟಿನ ಮೇಲೆ ಕೈ ಮಗುಚಿ ಇಟ್ಟರು. "ತಣ್ಣಗವ್ನೆ."

ಆಮೇಲೆ ಅವರು ಇನ್ನೊಂದು ಮಾತು ಹೇಳಿದ್ದಿರಬೇಕು: ಬಣ್ಣ ಬಳಿಯುವುದಾದರೆ ಈ ಒಂದು ಜಾಗ ಬಿಟ್ಟುಬಿಡಿ, ಬಣ್ಣ ಕರೆಂಟನ್ನು ತಡೆಯುತ್ತದೆ ಎಂದು. ಹೇಳದೆ ಇರುವವರಲ್ಲ ಅವರು. ಆದರೆ ಅದನ್ನು ಕೇಳಿಸಿಕೊಂಡ ನೆನಪು ನನಗಿಲ್ಲ. ಅಥವಾ ಇರಬಾರದೆಂದು ನಾನೇ ಅಳಿಸಿಕೊಂಡಿದ್ದೇನೆ.

ಒಂದು ವರ್ಷ ಜೀಪು ಎಳ್ಳಷ್ಟೂ ತೊಂದರೆ ಕೊಡಲಿಲ್ಲ. ಮರುವರ್ಷದ ಆಯುಧಪೂಜೆಗೆ ಅಣ್ಣ ಹೆಚ್.ಡಿ. ಕೋಟೆಯಲ್ಲಿರುವ ಅತ್ತಿಗೆಯ ತವರಿಗೆ ಹೋಗಿದ್ದವನು ಹಿಂದಿನ ದಿನದವರೆಗೂ ಬರಲಿಲ್ಲ. ಗಾಡಿ ತೊಳೆದು ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಿತ್ತು. ಪೂಜೆಯಲ್ಲಿ ನಂಬಿಕೆ ಇಲ್ಲ ಎಂದು ಮನೆಯಲ್ಲಿ ಭಾಷಣ ಮಾಡುವವನು ನಾನು. ಬಹುಶಃ ಅದಕ್ಕೇ ಬಣ್ಣವನ್ನಾದರೂ ಶ್ರದ್ಧೆಯಿಂದ ಹಚ್ಚೋಣ ಎನಿಸಿತು. ಚಾಸಿಗೂ ಹಸಿರು ಬಣ್ಣ ಹಚ್ಚಿದೆ. ಗ್ರೀಸ್ ಮೆತ್ತಿದ ಒಂದು ಜಾಗ ಮಾತ್ರ ಕೊಳಕಾಗಿ ಕಾಣುತ್ತಿತ್ತು. ಬೋಲ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಬಣ್ಣ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದೆನೇ? ಬಿಗಿದೆ ಎಂದು ಈಗ ಅನ್ನಿಸುತ್ತದೆ. ಆಗ ಅದು ನೆನಪಿಡಬೇಕಾದ ಕೆಲಸವೇ ಆಗಿರಲಿಲ್ಲ. ಮರುದಿನ ಚಕ್ರದಡಿ ನಿಂಬೆಹಣ್ಣಿಟ್ಟು ಜೀಪು ಮುಂದಕ್ಕೆ ಹೋಯಿತು. ಎಲ್ಲರೂ ಬಣ್ಣ ಹೊಗಳಿದರು.

ಹಿಂಗಾರು ಹಿಡಿದ ಮೇಲೆ ಸೆಲ್ಫ್ ಸೋಮಾರಿಯಾಯಿತು. ಚಳಿಗೆ ಹಾಗೆ ಎಂದೆ ನಾನು. ಅಣ್ಣ ಕೇಳದೆ ಯಜಮಾನರಿಗೆ ಫೋನ್ ಮಾಡಿದ. "ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಗಾಡಿ ತರ್‌ಬ್ಯಾಡಿ, ದಾರೀಲಿ ನಿಂತ್ರೆ ಕಷ್ಟ" ಎಂದರಂತೆ.

ರಾತ್ರಿಯೆಲ್ಲ ಮಳೆ ಹುಯ್ದಿತ್ತು. ಬೆಳಿಗ್ಗೆ ಅವರು ಕೆರೆ ಏರಿಯ ಹತ್ತಿರ ಬಸ್ಸಿಳಿದು, ಎರಡು ಕಿಲೋಮೀಟರ್ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದರು. ಜಗಲಿಯ ಮೇಲೆ ಕೂತರು. ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಹಣೆಯಲ್ಲಿ ಬೆವರು. "ಸ್ವಲ್ಪ ತಡೀರಿ ಗೌಡ್ರೆ, ಎದೆ ಯಾಕೋ ಇಡ್ಕಂಡಂಗದೆ" ಎಂದರು. ಆಮೇಲೆ ನೀರು ಕೇಳಿದರು.

ಅಣ್ಣ ಅಂಬುಲೆನ್ಸಿಗೆ ಫೋನ್ ಮಾಡಿದ. ಏರಿಯವರೆಗೆ ಬರುತ್ತೇವೆ, ಅಲ್ಲಿಗೆ ಕರೆತನ್ನಿ ಎಂದರು. ಇಬ್ಬರೂ ಸೇರಿ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಅಣ್ಣ ಕೀ ತಿರುಗಿಸಿದ. ಟಕ್ ಎಂದಿತು. ಅಷ್ಟೆ. ಮತ್ತೆ ತಿರುಗಿಸಿದ. ಟಕ್.

ಗಾಡಿಯ ಕಾಯಿಲೆ ಹಿಡಿಯಬಲ್ಲವರು ಒಬ್ಬರೇ. ಅವರು ಎದೆ ಹಿಡಿದುಕೊಂಡು ಅದೇ ಗಾಡಿಯ ಒಳಗೆ ಕೂತಿದ್ದರು.

"ತಳ್ಳಣ ಬಾರ್ಲಾ" ಎಂದ ಅಣ್ಣ. ಪಾದ ಮುಳುಗುವ ಕೆಸರಿನಲ್ಲಿ ಜೀಪು ಒಂದು ಗೇಣೂ ಸರಿಯಲಿಲ್ಲ. ಅವನು ಪಕ್ಕದ ತೋಟದವರ ಟ್ರ್ಯಾಕ್ಟರ್ ತರಲು ಓಡಿದ. ನಾನು ಮನೆಯಲ್ಲಿದ್ದ ನನ್ನ ಮೀಟರ್ ತಂದು ಬ್ಯಾಟರಿಗೆ ಹಿಡಿದೆ. ಹನ್ನೆರಡೂವರೆಗಿಂತ ಮೇಲೇ ತೋರಿಸಿತು. ಬ್ಯಾಟರಿ ಚೆನ್ನಾಗಿದೆ. ಫ್ಯೂಸು ನೋಡಿದೆ, ಚೆನ್ನಾಗಿದೆ. ಮತ್ತೆ ಕೀ ತಿರುಗಿಸಿದೆ, ಟಕ್. ನನಗೆ ಗೊತ್ತಿದ್ದುದೆಲ್ಲ ಅಲ್ಲಿಗೆ ಮುಗಿಯಿತು. ಮೀಟರಿನ ಅಂಕಿ ಮಾತ್ರ ಸ್ಥಿರವಾಗಿತ್ತು.

ಆಗಲೇ ಅವರು ಹೇಳಿದ್ದು. ಅಥವಾ ನಾನು ಹಾಗೆಂದು ನಂಬಿರುವುದು. "ಮೀಟ್ರು ಬುಡಿ ಮೇಷ್ಟ್ರೇ. ಕೈ ಇಟ್ಟು ನೋಡಿ."

ನಾನು ಕೈ ಇಟ್ಟು ನೋಡಲಿಲ್ಲ. ಮಾತಾಡಬೇಡಿ, ಆಯಾಸವಾಗುತ್ತದೆ ಎಂದೆ. ಇದು ಸ್ಪಷ್ಟವಾಗಿ ನೆನಪಿದೆ. ಮಾತಾಡಬೇಡಿ ಎಂದು ನಾನು ಹೇಳಿದ್ದು ನಿಜವಾದರೆ ಅವರು ಏನೋ ಮಾತಾಡಿದ್ದೂ ನಿಜವಿರಬೇಕಲ್ಲವೇ? ಇದು ತರ್ಕ, ಸಾಕ್ಷ್ಯವಲ್ಲ. ಆಮೇಲೆ ಮಾಡಲು ಏನೂ ಇರಲಿಲ್ಲ. ಅವರ ಪಕ್ಕ ಕೂತು ಆ ಕಲೆಯ ಕೈಯನ್ನು ಹಿಡಿದುಕೊಂಡೆ. ಅದು ತಣ್ಣಗಾಗುತ್ತಿತ್ತು. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದು ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಏರಿಯವರೆಗೆ ಹೋದೆವು. ಹುಣಸೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು. "ಇನ್ನೂ ಸ್ವಲ್ಪ ಬೇಗ..." ಎಂದು ಶುರುಮಾಡಿದ ವೈದ್ಯರು ನನ್ನ ಮುಖ ನೋಡಿ ವಾಕ್ಯವನ್ನು ಪೂರ್ತಿ ಮಾಡಲಿಲ್ಲ.

ಮಣ್ಣು ಮಾಡಿದ ದಿನ ಅವರ ಶೆಡ್ಡಿನ ಮುಂದೆ ನಿಂತವರು ಆಡಿಕೊಳ್ಳುವುದು ಕಿವಿಗೆ ಬಿತ್ತು. "ತಾನೇ ವೈರಿಂಗ್ ಮಾಡಿದ್ ಗಾಡಿ ಕಣ್ಲಾ. ಕೊನೇಗೆ ಅವ್ರುಗೇ ಕೈಕೊಡ್ತು." "ವಯಸ್ಸಾಗಿತ್ತು ಬುಡು. ಕೈ ಬ್ಯಾರೆ ಮರಗಟ್ಟಿತ್ತಲ್ಲ."

ಹನ್ನೊಂದನೆಯ ದಿನ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ಜನ ಏನೇನೋ ಅಂತಾರೆ. ನೀವು ಓದ್ದೋರು, ನಿಜ ಯೋಳಿ. ಅವ್ರು ಮಾಡಿದ್ ಕೆಲ್ಸದಲ್ಲಿ ಏನಾರ ತಪ್ಪಿತ್ತಾ?"

ನಾನು ಇಲ್ಲ ಎನ್ನಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ಹೇಳುವುದು ನನ್ನ ಅಭ್ಯಾಸವಲ್ಲ. "ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ" ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಪ್ರಾಮಾಣಿಕವಾದ ಉತ್ತರ ಅಷ್ಟು ಕ್ರೂರವಾಗಿರಬಹುದೆಂದು ನನಗೆ ಅಂದು ತಿಳಿಯಿತು.

ಜೀಪು ಆ ಬೆಳಿಗ್ಗೆ ನಿಂತಲ್ಲೇ ನಿಂತಿತ್ತು. ಯಾರೂ ಮುಟ್ಟಿರಲಿಲ್ಲ. ಬಂದ ಭಾನುವಾರ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದು ಕೂರಿಸಿ, ಅಣ್ಣನಿಗೆ ಕೀ ತಿರುಗಿಸಲು ಹೇಳಿದೆ. ಟಕ್. ಇನ್ನೂ ನಾಲ್ಕು ಸಲ ತಿರುಗಿಸಲು ಹೇಳಿದೆ. ಆಮೇಲೆ ಅಂಗೈ ಮಗುಚಿ, ಬ್ಯಾಟರಿಯಿಂದ ಶುರುಮಾಡಿ, ಒಂದೊಂದೇ ಜಾಯಿಂಟಿನ ಮೇಲೆ ಇಟ್ಟೆ. ಪಾಸಿಟಿವ್ ತುದಿ ತಣ್ಣಗಿತ್ತು. ಸೆಲ್ಫ್‌ನ ತುದಿ ತಣ್ಣಗಿತ್ತು. ಚಾಸಿಯ ಬೋಲ್ಟಿಗೆ ತಾಗಿದೊಡನೆ ಕೈ ತಾನಾಗಿ ಹಿಂದಕ್ಕೆ ಬಂತು.

ಬಿಚ್ಚಿದೆ. ಅವರು ಹಾಕಿದ್ದ ತಾಮ್ರದ ಲಗ್ಗು ಹೊಸದರಂತಿತ್ತು. ಅದರ ಕೆಳಗೆ, ಅವರು ಅರ್ಧ ದಿನ ಉಜ್ಜಿ ಬೆಳ್ಳಗೆ ಮಾಡಿದ್ದ ರೂಪಾಯಿಯಗಲದ ಜಾಗದ ಮೇಲೆ, ಆಯುಧಪೂಜೆಯ ಹಸಿರು ಬಣ್ಣ ಒಂದು ಕಡೆ ಸುಟ್ಟು ಕಪ್ಪಗಾಗಿ, ಉಳಿದ ಕಡೆ ನಾನು ಹಚ್ಚಿದಷ್ಟೇ ನುಣ್ಣಗೆ ಇತ್ತು. ಪೂಜೆಯಿಂದೀಚೆಗೆ ಕರೆಂಟು ಬೋಲ್ಟಿನ ಸುರುಳಿಯ ಮೂಲಕವಷ್ಟೇ ನುಸುಳಿ ಬರುತ್ತಿದ್ದಿರಬೇಕು. ಅಣ್ಣ ಬಗ್ಗಿ ನೋಡಿದ. ಅರ ತಂದು ನನ್ನ ಕೈಗೆ ಕೊಟ್ಟ.

ಅವರ ಕಲೆ ಯಾವ ಕೈಯಲ್ಲಿತ್ತು, ಆ ಜಾಗ ಬಿಡಿ ಎಂದು ಅವರು ಎಚ್ಚರಿಸಿದ್ದರೇ, ಕೊನೆಯ ಬೆಳಿಗ್ಗೆ ನಿಜವಾಗಿ ಏನು ಹೇಳಿದರು, ಇವು ಯಾವುದನ್ನೂ ನಾನು ಖಚಿತವಾಗಿ ಹೇಳಲಾರೆ. ಅವರ ಹೆಂಡತಿಗೆ ಹೇಳಬಹುದಾದದ್ದು ಇದೊಂದೇ. ಇದನ್ನು ಎರಡು ಸಲ ಪರೀಕ್ಷಿಸಿದ್ದೇನೆ. ಬಣ್ಣ ಉಜ್ಜಿ ತೆಗೆದು ಅದೇ ಕೇಬಲ್ಲು, ಅದೇ ಬೋಲ್ಟು ಬಿಗಿದೆ. ಎರಡೇ ಸುತ್ತಿಗೆ ಎಂಜಿನ್ ಹಿಡಿಯಿತು. ಆರಿಸಿ, ಮತ್ತೆ ಹೊಡೆಸಿ, ಬೋಲ್ಟಿನ ಮೇಲೆ ಕೈ ಮಗುಚಿ ಇಟ್ಟೆ. ತಣ್ಣಗಿತ್ತು.